ಸ್ಯಾಂಡ್‌ಬ್ಲಾಸ್ಟಿಂಗ್ ಮಾಡುವವರಿಗೆ ಎನ್-95 ಮಾಸ್ಕ್ ಸಾಕೇ?

ಉಕ್ಕಿನ ಟ್ಯಾಂಕುಗಳ ತುಕ್ಕು ತೆಗೆಸಲು ಮರಳಿನ ಬ್ಲಾಸ್ಟಿಂಗ್ (ಒತ್ತಡದ ಗಾಳಿಯಿಂದ ಮರಳನ್ನು ರಭಸವಾಗಿ ಚಿಮ್ಮಿಸುವುದು) ಮಾಡಿಸುತ್ತಿದ್ದೀರಿ, ಕೆಲಸಗಾರರಿಗೆ ಎನ್-95 ಮಾಸ್ಕ್ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಕೈಗಾರಿಕಾ ಸುರಕ್ಷತೆಯ ಕೆಲಸದಲ್ಲಿರುವ ನನ್ನ ಅಭಿಪ್ರಾಯದಲ್ಲಿ, ಯಾವ ಮಾಸ್ಕ್ ಎಂದು ಯೋಚಿಸುವುದಕ್ಕೆ ಮೊದಲು ಮರಳನ್ನೇ ಏಕೆ ಬಳಸಬೇಕು ಎಂದು ಯೋಚಿಸಬೇಕು.

ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಸ್, ಅಂದರೆ ಸ್ಫಟಿಕರೂಪದ ಸಿಲಿಕಾ. ರಾಶಿ ಹಾಕಿದ ಮರಳಿನ ಕಾಳು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದಲ್ಲ; ಆದರೆ ನಾಜಲ್‌ನಿಂದ ಹೊರಟು ಉಕ್ಕಿಗೆ ಅಪ್ಪಳಿಸಿದೊಡನೆ ಅದು ಪುಡಿಯಾಗಿ, 10 ಮೈಕ್ರಾನ್‌ಗಿಂತಲೂ ಸಣ್ಣದಾದ ಅಸಂಖ್ಯ ಚೂರುಗಳಾಗುತ್ತದೆ. ಕಣ್ಣಿಗೆ ಕಾಣುವ ಧೂಳು ಬೇಗ ನೆಲಕ್ಕಿಳಿದರೂ ಕಾಣದ ಈ ಚೂರುಗಳು ಬಹಳ ಹೊತ್ತು ಗಾಳಿಯಲ್ಲೇ ಇರುತ್ತವೆ. ಶ್ವಾಸಕೋಶ ಸೇರಿದ ಮೇಲೆ ಇವು ಕರಗುವುದಿಲ್ಲ. ಇವನ್ನು ನುಂಗಿದ ರಕ್ಷಕ ಕೋಶಗಳೇ ಸಾಯುತ್ತವೆ, ಉರಿಯೂತವಾಗಿ ಅಲ್ಲಲ್ಲಿ ಗಟ್ಟಿಯಾದ ಗಾಯದ ಕಲೆಗಳು ಉಳಿಯುತ್ತವೆ. ಇದೇ ಸಿಲಿಕೋಸಿಸ್, ಕಲೆಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ಸಾಮಾನ್ಯವಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ತೆಗೆದುಕೊಳ್ಳುವ ಈ ಕಾಯಿಲೆ, ಧೂಳು ವಿಪರೀತವಾದಲ್ಲಿ ಕೆಲವೇ ತಿಂಗಳುಗಳಲ್ಲಿಯೂ ಬರಬಲ್ಲದು. ಕ್ಷಯರೋಗದ ಅಪಾಯವೂ ಹೆಚ್ಚುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಈ ಸಿಲಿಕಾ ಧೂಳು ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ವರ್ಗೀಕರಿಸಿದೆ.

ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯಾದ ಓಶಾ ಇಂಥ ಸಿಲಿಕಾ ಧೂಳಿಗೆ 2016ರಲ್ಲಿ ನಿಗದಿಪಡಿಸಿದ ಮಿತಿ, ಎಂಟು ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ಮರಳಿನ ಬ್ಲಾಸ್ಟಿಂಗ್‌ನಲ್ಲಿ ಇದರ ನೂರಾರು ಪಟ್ಟು ಧೂಳು ಏಳಬಹುದು, ಎನ್-95 ಮಾಸ್ಕ್ ಸರಿಯಾಗಿ ಕೂತರೂ ಅದರ ರಕ್ಷಣೆ ಹತ್ತು ಪಟ್ಟಿನದು ಮಾತ್ರ, ಅಂದರೆ ಉಸಿರಿಗೆ ಸೇರುವ ಧೂಳನ್ನು ಹತ್ತನೇ ಒಂದಕ್ಕೆ ಇಳಿಸುತ್ತದೆ ಅಷ್ಟೇ. ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯಾದ ನಿಯೋಶ್ 1974ರಲ್ಲೇ ಬ್ಲಾಸ್ಟಿಂಗ್‌ಗೆ ಮರಳನ್ನು ನಿಷೇಧಿಸಬೇಕೆಂದು ಶಿಫಾರಸು ಮಾಡಿತ್ತು.

ಉಕ್ಕಿನ ಟ್ಯಾಂಕಿಗೆ ಮರಳಿನ ಬದಲು ಗಾರ್ನೆಟ್ (ಒಂದು ಗಟ್ಟಿ ಖನಿಜದ ಕಾಳು) ಅಥವಾ ಸ್ಟೀಲ್ ಗ್ರಿಟ್ (ಉಕ್ಕಿನ ಚೂಪಾದ ಕಾಳು) ಚೆನ್ನಾಗಿ ಒಗ್ಗುತ್ತದೆ. ದರ ಹೆಚ್ಚೆನ್ನುವವರಿದ್ದಾರೆ, ಆದರೆ ಗ್ರಿಟ್ಟನ್ನು ಜರಡಿ ಹಿಡಿದು ಮತ್ತೆ ಮತ್ತೆ ಬಳಸಬಹುದೆಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರುವವರಿಂದ ಸುರಕ್ಷತಾ ವಿವರಪತ್ರ ಪಡೆದು, ಸ್ಫಟಿಕ ಸಿಲಿಕಾ ಶೇ. 1ಕ್ಕಿಂತ ಕಡಿಮೆ ಇದೆಯೇ ಎಂದು ನೋಡಿ. ತಾಮ್ರದ ಸ್ಲ್ಯಾಗ್ (ಅದಿರು ಕರಗಿಸಿದಾಗ ಉಳಿಯುವ ಕಿಟ್ಟ) ಅಗ್ಗವೆಂದು ಕೊಳ್ಳುವುದಾದರೆ ಅದರಲ್ಲಿ ಆರ್ಸೆನಿಕ್, ಸೀಸ, ಬೆರಿಲಿಯಂ ಇರಬಹುದೆಂಬುದು ನೆನಪಿರಲಿ. ಹಳೆಯ ಬಣ್ಣದಲ್ಲಿಯೂ ಸೀಸವಿರಬಹುದು. ಕಾಂಕ್ರೀಟಿನ ಮೇಲಾದರೆ ನೀವು ಏನನ್ನೇ ಬಳಸಿದರೂ ಸಿಲಿಕಾ ಧೂಳು ಆ ಕಾಂಕ್ರೀಟಿನಿಂದಲೇ ಏಳುತ್ತದೆ.

ಸಣ್ಣ ಬಿಡಿಭಾಗಗಳಿಗೆ ಮುಚ್ಚಿದ ಕ್ಯಾಬಿನೆಟ್ ಬಳಸಿ. ಟ್ಯಾಂಕಿನ ಒಳಗೆ ಧೂಳನ್ನು ಹೊರಗೆಳೆದು ಶೋಧಿಸುವ ವ್ಯವಸ್ಥೆ ಬೇಕೇ ಬೇಕು. ನೀರು ಬೆರೆಸಿದ ಬ್ಲಾಸ್ಟಿಂಗ್‌ನಲ್ಲಿ ಧೂಳು ಬಹಳ ಕಡಿಮೆಯಾದರೂ ಉಕ್ಕಿಗೆ ತಕ್ಷಣ ತುಕ್ಕು ಹಿಡಿಯುವುದರಿಂದ ನಿರೋಧಕ ರಾಸಾಯನಿಕ ಸೇರಿಸಬೇಕಾಗುತ್ತದೆ.

ಇಷ್ಟಾದ ಮೇಲೆ ಮಾಸ್ಕಿನ ಮಾತು. ನಾಜಲ್ ಹಿಡಿಯುವವರಿಗೆ ಹೋಸಿನಲ್ಲಿ ಶುದ್ಧ ಗಾಳಿ ಬರುವ, ತಲೆ ಮತ್ತು ಭುಜವನ್ನು ಮುಚ್ಚುವ ಬ್ಲಾಸ್ಟಿಂಗ್ ಹೆಲ್ಮೆಟ್ಟೇ ಬೇಕು. ಆ ಗಾಳಿಯನ್ನು ಒದಗಿಸುವ ಕಂಪ್ರೆಸರನ್ನು ವಾಹನದ ಹೊಗೆ ತಾಗದಲ್ಲಿ ಇಟ್ಟು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಳವಡಿಸಿ. ನಾನು ಎಲ್ಲೆಡೆ ಕಂಡಿರುವ ಒಂದು ಅಭ್ಯಾಸವೆಂದರೆ, ನಾಜಲ್ ನಿಂತೊಡನೆ, ಧೂಳಿನ್ನೂ ಸುತ್ತ ತೇಲುತ್ತಿರುವಾಗಲೇ, ಕೆಲಸ ಹೇಗಾಗಿದೆ ಎಂದು ನೋಡಲು ಹೆಲ್ಮೆಟ್ ಮೇಲೆತ್ತುವುದು. ಆ ಹೊತ್ತಿಗೆ ಸರಿಯಾಗಿ ಸಹಾಯಕನೊಬ್ಬ ಬರಿಮುಖದಲ್ಲಿ ಗುಡಿಸಲು ಒಳಗೆ ಬರುತ್ತಾನೆ. ಪಾಟ್‌ಗೆ (ಬ್ಲಾಸ್ಟಿಂಗ್ ಯಂತ್ರದ ಪಾತ್ರೆಗೆ) ಕಾಳು ತುಂಬುವವರು, ಗುಡಿಸುವವರು, ಪಕ್ಕದಲ್ಲಿ ವೆಲ್ಡಿಂಗ್ ಮಾಡುವವರು ಇವರೆಲ್ಲರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಒಣಪೊರಕೆಯನ್ನೂ, ಸಂಜೆ ಏರ್ ಹೋಸ್ ಹಿಡಿದು ಬಟ್ಟೆಯ ಧೂಳು ಕೊಡವುವುದನ್ನೂ ನಿಲ್ಲಿಸಿ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಿ.

ಕೆಲಸಕ್ಕೆ ಸೇರುವಾಗಲೂ ನಂತರ ಕಾಲಕಾಲಕ್ಕೂ ಎದೆಯ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು ಕೆಲಸಗಾರರ ಕೈಗೇ ಕೊಡಿ. ಕೆಲಸ ಬಿಟ್ಟು ಹಲವು ವರ್ಷಗಳಾದ ಮೇಲೂ ಕಾಯಿಲೆ ಕಾಣಿಸಿಕೊಳ್ಳಬಹುದಾದ್ದರಿಂದ, ಮುಂದೆ ನೋಡುವ ವೈದ್ಯರಿಗೆ ಹೋಲಿಸಿ ನೋಡಲು ಆ ಹಳೆಯ ವರದಿಗಳೇ ಬೇಕಾಗುತ್ತವೆ.