ಸ್ಕ್ಯಾನ್ ಇಲ್ಲದೆ, ಬರೀ ಮಾತಾಡಿಸಿ ಬೈಪೋಲಾರ್ ಅಂತ ಹೇಗೆ ಹೇಳುತ್ತಾರೆ?

ನಿಮ್ಮ ತಮ್ಮನಿಗೆ ಹೋದ ವರ್ಷ ಒಬ್ಬರು ಡಿಪ್ರೆಶನ್ ಅಂದರು, ಈಗ ಅಡ್ಮಿಟ್ ಮಾಡಿದ ಮೇಲೆ ಇನ್ನೊಬ್ಬರು ಬೈಪೋಲಾರ್ (ಮನಸ್ಸು ಕೆಲವು ಕಾಲ ಮಿತಿ ಮೀರಿ ಏರಿ, ಕೆಲವು ಕಾಲ ಕುಸಿಯುವ ಕಾಯಿಲೆ) ಅನ್ನುತ್ತಿದ್ದಾರೆ. ಸ್ಕ್ಯಾನ್ ಮಾಡಿಲ್ಲ, ಬರೀ ಮಾತಾಡಿಸಿದ್ದಾರೆ, ನಂಬೋದು ಹೇಗೆ ಅಂತ ಕೇಳಿದ್ದೀರಿ. ಜೊತೆಗೆ, ಮಾತ್ರೆ ಕೊಡೋದು ಬಿಟ್ಟು ಅಲ್ಲಿ ನರ್ಸುಗಳು ಏನು ಮಾಡುತ್ತಾರೆ ಅಂತಲೂ ಕೇಳಿದ್ದೀರಿ.

ಕೊನೇ ಮಾತು ಓದಿ ನಗು ಬಂತು. ನಾನು 11 ವರ್ಷದಿಂದ ಮನೋರೋಗ ವಾರ್ಡಿನಲ್ಲಿ ನರ್ಸ್. ರೋಗಿಗಳು ‘ಬ್ರದರ್’ ಅಂತಾರೆ. ನಾನು ಅಲ್ಲಿ ಏನು ಮಾಡ್ತೀನಿ ಅಂತ ನಮ್ಮ ಮಾವನಿಗೇ ಇನ್ನೂ ಗೊತ್ತಿಲ್ಲ, ನಿಮ್ಮನ್ನೇನು ಅನ್ನೋದು!

ಮೊದಲು ಸ್ಕ್ಯಾನ್ ವಿಷಯ. ಬೈಪೋಲಾರ್, ಡಿಪ್ರೆಶನ್, ಸ್ಕಿಜೋಫ್ರೇನಿಯಾ, ಯಾವುದನ್ನೂ ‘ಇದೇ’ ಅಂತ ತೋರಿಸುವ ಸ್ಕ್ಯಾನ್ ಇವತ್ತಿಗೂ ಇಲ್ಲ. ರಕ್ತ ಪರೀಕ್ಷೆ ಮಾಡಿಸುವುದುಂಟು, ಅದು ಬೇರೆ ಕಾರಣಗಳನ್ನು ತಳ್ಳಿ ಹಾಕೋಕೆ. ಥೈರಾಯ್ಡ್ ಕಡಿಮೆಯಾದರೆ ಮನುಷ್ಯ ಡಿಪ್ರೆಶನ್ ಬಂದವರ ಹಾಗೇ ಮಂಕಾಗುತ್ತಾನೆ. ಜಾಸ್ತಿಯಾದರೆ ಚಡಪಡಿಸುತ್ತಾನೆ. ಮೆದುಳಿನ ತೊಂದರೆಯ ಅನುಮಾನ ಇದ್ದರೆ ಆಗ ಸ್ಕ್ಯಾನ್. ಇವೆಲ್ಲ ಇಲ್ಲ ಅಂತಾದ ಮೇಲೆ ಉಳಿಯೋದು ಮಾತು, ನಡವಳಿಕೆ, ದಿನಗಳ ಲೆಕ್ಕ. ಬೇಸರ, ಯಾವುದೂ ಬೇಡ ಅನ್ನಿಸೋದು, ನಿದ್ದೆ ಹಸಿವು ಕೆಡೋದು ಕನಿಷ್ಠ 2 ವಾರ ಬಿಡದೆ ಇದ್ದರೆ ಡಿಪ್ರೆಶನ್ ಅಂತ ಯೋಚಿಸುತ್ತಾರೆ. ಉಲ್ಟಾ, ಮನಸ್ಸು ಮಿತಿ ಮೀರಿ ಏರಿ, ಮಾತು ಓಡಿ, ದುಡ್ಡು ಖರ್ಚಾಗಿ, ನಿದ್ದೆ ಬೇಡವಾಗಿ ಒಂದು ವಾರ ಹಾಗೇ ಇದ್ದರೆ, ಅಥವಾ ಅಡ್ಮಿಟ್ ಮಾಡಲೇಬೇಕಾದಷ್ಟು ಏರಿದರೆ, ಅದು ಮೇನಿಯಾ. ಈಗಿನ ಲೆಕ್ಕದಲ್ಲಿ ಅದು ಒಂದೇ ಸಲ ಬಂದರೂ ಕಾಯಿಲೆಯ ಹೆಸರು ಬೈಪೋಲಾರ್.

ತೊಡಕು ಎಲ್ಲಿದೆ ಅಂದರೆ, ಬಹಳ ಜನಕ್ಕೆ ಬೈಪೋಲಾರ್ ಮೊದಲು ಕಾಣಿಸಿಕೊಳ್ಳೋದೇ ಡಿಪ್ರೆಶನ್ ವೇಷದಲ್ಲಿ. ಆಗ ಡಿಪ್ರೆಶನ್ ಅಂದ ಡಾಕ್ಟರು ತಪ್ಪು ಮಾಡಿದರು ಅಂತ ಹೇಳೋಕಾಗಲ್ಲ. ಅವರ ಮುಂದೆ ಕೂತಿದ್ದದ್ದು ಅರ್ಧ ಚಿತ್ರ ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಡಿಪ್ರೆಶನ್ ಅಂತ ಅಡ್ಮಿಟ್ ಆಗಿದ್ದ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ನನಗೆ ನೈಟ್ ಡ್ಯೂಟಿ. ನಮ್ಮಲ್ಲಿ ಸ್ಲೀಪ್ ಚಾರ್ಟ್ ಅಂತ ಒಂದು ಹಾಳೆ ಇರುತ್ತದೆ. ಟಾರ್ಚನ್ನು ನೆಲಕ್ಕೆ ಹಿಡಿದು ಹಾಸಿಗೆ ಹಾಸಿಗೆಗೆ ಹೋಗಿ, ಎದೆ ಏರಿಳಿಯೋದು ನೋಡಿ, ನಿದ್ದೆಯೋ ಎಚ್ಚರವೋ ಬರೆಯಬೇಕು. ಕಣ್ಣು ಮುಚ್ಚಿದವರೆಲ್ಲ ನಿದ್ದೆ ಮಾಡುತ್ತಿರಲ್ಲ ನೋಡಿ. ಈ ಹುಡುಗ ಅವತ್ತು ಮಲಗಿದ್ದು ಎರಡೇ ಗಂಟೆ. ಬೆಳಗಿನ ಜಾವ ನಾಲ್ಕಕ್ಕೆ ಸ್ನಾನ ಮಾಡಿ, ತಲೆ ಬಾಚಿ, ಕಾರಿಡಾರ್ ಗುಡಿಸುತ್ತಿದ್ದ. ಪಕ್ಕದ ಹಾಸಿಗೆಯ ಅಜ್ಜನಿಗೆ ತನ್ನ ವಾಚು ಕೊಟ್ಟುಬಿಟ್ಟಿದ್ದ. ಡಿಪ್ರೆಶನ್ನಿನಲ್ಲೂ ನಿದ್ದೆ ಹೋಗುತ್ತದೆ, ಆದರೆ ಬೆಳಿಗ್ಗೆ ಮೈ ಎಳೆದುಕೊಂಡು ಏಳುತ್ತಾರೆ. ಇವನ ಮುಖದಲ್ಲಿ ಸುಸ್ತೇ ಇರಲಿಲ್ಲ. ಅಷ್ಟನ್ನೂ ಬರೆದೆ.

ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ಓದಿ, ಅವನ ಅಮ್ಮನನ್ನು ಕೇಳಿದರು, ಹಿಂದೆ ಯಾವಾಗಾದರೂ ಹೀಗಿದ್ದನಾ ಅಂತ.

‘ಎರಡು ವರ್ಷದ ಹಿಂದೆ ದಸರಾ ಟೈಮಲ್ಲಿ ಹದಿನೈದು ದಿನ ನಿದ್ದೇನೇ ಮಾಡ್ಲಿಲ್ಲ ಸಾರ್. ಹೂವಿನ ವ್ಯಾಪಾರ ಮಾಡ್ತೀನಿ ಅಂತ ಒಂದೂವರೆ ಲಕ್ಷ ಸಾಲ ಮಾಡ್ಕೊಂಡ.’

‘ಮೊದಲೇ ಯಾಕಮ್ಮ ಹೇಳ್ಲಿಲ್ಲ?’

‘ಆಗ ಖುಷಿಯಾಗಿದ್ನಲ್ಲ ಸಾರ್.’

ಅವತ್ತೇ ಔಷಧಿ ಬದಲಾಯಿತು. ಯಾಕೆಂದರೆ ಬೈಪೋಲಾರ್ ಇರುವವರಿಗೆ ಡಿಪ್ರೆಶನ್ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಹಾರುವ ಅಪಾಯ ಇದೆ.

ಇನ್ನು ನರ್ಸುಗಳ ಕೆಲಸ. ಸಾಯುವ ಯೋಚನೆ ಇರುವವರ ಹತ್ತಿರ ಬೇಕಂತಲೇ ಒಂದೇ ಹೊತ್ತಿಗೆ ಹೋಗಲ್ಲ. ಒಮ್ಮೆ ಹತ್ತು ನಿಮಿಷಕ್ಕೆ, ಆಮೇಲೆ ನಾಲ್ಕು ನಿಮಿಷಕ್ಕೆ, ಹೀಗೆ. ಟೈಮ್ ಗೊತ್ತಾದರೆ ಅವರು ಲೆಕ್ಕ ಹಾಕುತ್ತಾರೆ. ಮಾತ್ರೆ ಕೊಟ್ಟು ನೀರು ಕುಡಿಸಿ ಎರಡು ಮಾತಾಡುತ್ತೇವೆ. ಸುಮ್ನೆ ಹರಟೆ ಅಂದುಕೊಳ್ಳಬೇಡಿ, ಮಾತಾಡುವಾಗ ನಾಲಿಗೆ ಕೆಳಗೆ ಬಚ್ಚಿಟ್ಟಿದ್ದು ಗೊತ್ತಾಗುತ್ತದೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುತ್ತೆ ಅನ್ನುವವರಿಗೆ ‘ಎಲ್ಲಾ ಸುಳ್ಳು’ ಅನ್ನಬಾರದು, ಹೌದು ಅಂತಲೂ ತಲೆ ಆಡಿಸಬಾರದು. ‘ನಿಮಗೆ ಕೇಳಿಸ್ತಿದೆ, ನಂಬ್ತೀನಿ. ನನಗೆ ಕೇಳಿಸ್ತಿಲ್ಲ. ಭಯ ಆಗ್ತಿದೆಯಾ?’ ಅಷ್ಟೇ. ಇಂಜೆಕ್ಷನ್ ಆದ ಮೇಲೆ ಕುತ್ತಿಗೆ ಒಂದು ಕಡೆ ತಿರುಚಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ ಮೈಮೇಲೆ ಏನೋ ಬಂತು ಅಂತ ಮನೆಯವರು ಕೈಮುಗಿಯೋದನ್ನು ನೋಡಿದ್ದೇನೆ. ಅದು ಔಷಧಿಯ ಅಡ್ಡಪರಿಣಾಮ. ನಮ್ಮನ್ನು ಕೂಗಿ, ಇನ್ನೊಂದು ಇಂಜೆಕ್ಷನ್ನಿಗೆ ಇಳಿಯುತ್ತದೆ.

ಕರೆಂಟ್ ಕೊಡ್ತಾರಂತೆ ಅಂತ ನೆಂಟರು ಹೆದರಿಸುತ್ತಾರೆ, ನಿಮ್ಮ ಮನೆಯಲ್ಲೂ ಹೆದರಿಸಿರಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ ಅರಿವಳಿಕೆ ಕೊಡದೆ ಆ ಚಿಕಿತ್ಸೆ ಮಾಡುವ ಹಾಗೇ ಇಲ್ಲ. ಸರಪಳಿ ಹಾಕೋದೂ ನಿಷಿದ್ಧ.

ನಿಮ್ಮ ತಮ್ಮನಿಗೆ ಲಿಥಿಯಂ (ಮನಸ್ಸಿನ ಏರಿಳಿತ ಹಿಡಿತದಲ್ಲಿಡುವ ಔಷಧಿ) ಶುರು ಮಾಡಿದರೆ, ಆಗ ರಕ್ತ ಪರೀಕ್ಷೆ ಬರುತ್ತದೆ. ಕಾಯಿಲೆ ಹುಡುಕೋಕಲ್ಲ, ಔಷಧಿಯ ಮಟ್ಟ ನೋಡೋಕೆ. ಹಿಂದಿನ ಮಾತ್ರೆ ತಗೊಂಡು 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ರಿಪೋರ್ಟಿನಲ್ಲಿ mEq/L ಲೆಕ್ಕದಲ್ಲಿ ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರಲಿ ಅಂತಾರೆ, 1.5 ದಾಟಿದರೆ ಅಪಾಯ. ಕಿಡ್ನಿ, ಥೈರಾಯ್ಡ್ ಕೂಡ ಆಗಾಗ ನೋಡಿಸಬೇಕು. ಬಿಪಿ ಅಂತ ಅಮ್ಮ ಇದ್ದಕ್ಕಿದ್ದ ಹಾಗೆ ಮನೆಯವರಿಗೆಲ್ಲ ಉಪ್ಪು ಕಡಿಮೆ ಮಾಡೋದು ಬೇಡ, ಉಪ್ಪು ಇಳಿದರೆ ಲಿಥಿಯಂ ಏರುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್ ತಂದು ನುಂಗೋದೂ ಬೇಡ. ವಾಂತಿ, ಭೇದಿ, ಜೋರಾಗಿ ಕೈ ನಡುಕ, ತೂರಾಡುವ ನಡಿಗೆ ಕಂಡರೆ ಮುಂದಿನ ಮಾತ್ರೆ ಕೊಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಿಸ್ಚಾರ್ಜ್ ಆದ ಮೇಲೆ ಯಾರನ್ನು ಕೇಳೋದು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಫೀಸ್ ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ನಿಮ್ಮದೊಂದು ಕೆಲಸ. ಅಮ್ಮ, ಅತ್ತಿಗೆ, ಅವನ ಫ್ರೆಂಡ್ಸ್, ಎಲ್ಲರನ್ನೂ ಕೇಳಿ ಅವನು ತೀರಾ ‘ಚೆನ್ನಾಗಿದ್ದ’ ದಿನಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ತಿಂಗಳು, ಎಷ್ಟು ದಿನ, ಎಷ್ಟು ನಿದ್ದೆ, ಎಷ್ಟು ಖರ್ಚು. ಡಾಕ್ಟರು ಸಿಗದಿದ್ದರೆ ಹಾಳೆಯನ್ನು ನೈಟ್ ಡ್ಯೂಟಿ ನರ್ಸ್ ಕೈಗೆ ಕೊಡಿ. ಒಂಬತ್ತರ ಮಾತ್ರೆ ಮುಗಿದ ಮೇಲೆ ನಾವು ಸ್ವಲ್ಪ ಫ್ರೀ ಇರುತ್ತೇವೆ.