ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಂಡರೆ ಬಾಯಿಚಪಲವೂ ಹೋಗುತ್ತದೆಯೇ?

ಪೂರ್ತಿ ಹೋಗುವುದಿಲ್ಲ, ಆದರೆ ಸೆಳೆತ ಸಡಿಲವಾಗುತ್ತದೆ.

ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತದೆ. ತೂಕ ಇಳಿಸುವ ವೆಗೋವಿ ಎಂಬ ಚುಚ್ಚುಮದ್ದಿನಲ್ಲಿರುವ ಔಷಧಿ ಸೆಮಾಗ್ಲುಟೈಡ್ ಅದರಂತೆಯೇ ಕೆಲಸ ಮಾಡುತ್ತದೆ, ಆದರೆ ವಾರವಿಡೀ ಉಳಿಯುತ್ತದೆ. ಹೊಟ್ಟೆ ಬೇಗ ಖಾಲಿಯಾಗದಂತೆ ತಡೆಯುವುದಷ್ಟೇ ಅದರ ಕೆಲಸವೆಂದು ಬಹಳ ಜನ ತಿಳಿದಿದ್ದಾರೆ. ಮುಖ್ಯ ಪರಿಣಾಮ ಮಿದುಳಿನಲ್ಲಿ. ಹಸಿವು, ತೃಪ್ತಿ ನೋಡಿಕೊಳ್ಳುವ ಹೈಪೋಥಲಾಮಸ್‌ನಲ್ಲಿ ಮಾತ್ರವಲ್ಲ, ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಮೂಲಕ 'ಇನ್ನೂ ಬೇಕು' ಅನ್ನಿಸುವ ಜಾಲದಲ್ಲೂ ಈ ಹಾರ್ಮೋನಿನ ಸಂದೇಶ ಹಿಡಿಯುವ ಗ್ರಾಹಕಗಳಿವೆ.

ಸಂಜೆ ಒಂದು ಕೈಗೆ ಕಾಫಿ ಲೋಟ ಬಂದರೆ ಸಾಕು, ಇನ್ನೊಂದು ಕೈ ತಾನಾಗಿ ಕೋಡುಬಳೆ ಡಬ್ಬಿಯ ಮುಚ್ಚಳ ತೆಗೆಯುತ್ತದಲ್ಲ? ಆಗ ಹಸಿವೇನೂ ಇರುವುದಿಲ್ಲ. ಕಾಫಿಯ ಘಮವನ್ನೇ ಮಿದುಳು ಕರೆಯೆಂದು ಕಲಿತಿರುತ್ತದೆ. ಔಷಧಿ ಪಡೆದ ಹಲವರು, ತಲೆಯೊಳಗೆ ಸದಾ ನಡೆಯುತ್ತಿದ್ದ ತಿಂಡಿಯ ಗುನುಗು ನಿಂತಿತು ಎನ್ನುತ್ತಾರೆ. ಡಬ್ಬಿ ಕಣ್ಣೆದುರೇ ಇದ್ದರೂ ಕೈ ಹೋಗುವುದಿಲ್ಲವಂತೆ. 2025ರಲ್ಲಿ ಪ್ರಕಟವಾದ, 48 ಜನರ ಸಣ್ಣ ಪ್ರಯೋಗವೊಂದರಲ್ಲಿ ಮದ್ಯದ ಹಂಬಲವೂ ತಗ್ಗಿತ್ತು. ಅಂದರೆ ವಿಷಯ ಹೊಟ್ಟೆಯದಷ್ಟೇ ಅಲ್ಲ.

ಆದರೆ ಕಲಿತ ಅಭ್ಯಾಸ ಅಳಿಸಿಹೋಗುವುದಿಲ್ಲ. ಪ್ರಯೋಗವೊಂದರಲ್ಲಿ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ, ಇಳಿದಿದ್ದ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತ್ತು. ಅಂಥವರನ್ನು 'ಮನಸ್ಸು ಗಟ್ಟಿಯಿಲ್ಲ' ಎಂದು ಹಳಿಯುವುದು ದೊಡ್ಡ ಅನ್ಯಾಯ. ಮಿದುಳಿನ ಹಳೆಯ ಕರೆ ಮರಳಿ ಬಂದಿದೆ, ಅಷ್ಟೇ. ಗುನುಗು ನಿಂತಿರುವ ತಿಂಗಳುಗಳಲ್ಲೇ ಕಾಫಿಯ ಜೊತೆಗಿನ ಕೋಡುಬಳೆಯ ಜಾಗಕ್ಕೆ ಬೇರೇನಾದರೂ ರೂಢಿ ಮಾಡಿಕೊಳ್ಳಿ. ನಿಲ್ಲಿಸುವ ಮುಂಚೆ ವೈದ್ಯರನ್ನು ಕೇಳಿ.