ಒಗ್ಗರಣೆ ಹಾಕ್ಲಾ?

ತಂಗಿ,

ನಿನ್ನ ಪ್ರಶ್ನೆ ಓದಿದೆ. ಶಿವಮೊಗ್ಗದ ವಿನೋಬನಗರದಿಂದ ಮುಂದಿನ ತಿಂಗಳು ಗಂಡ ಮತ್ತು ಆರು ವರ್ಷದ ಮಗನ ಜೊತೆ ಅಮೆರಿಕದ ನ್ಯೂಜೆರ್ಸಿಗೆ, ನಮ್ಮ ಎಡಿಸನ್‌ಗೇ ಬರುತ್ತಿದ್ದೀಯ. ಅಡುಗೆಗೆ ಏನೇನು ತರಬೇಕು, ಹೊರಗೆ ಊಟ ಮಾಡಿದರೆ ಎಷ್ಟಾಗುತ್ತದೆ, ಮಗ ಅಲ್ಲಿನದು ತಿನ್ನುತ್ತಾನಾ, ಮೇ ತಿಂಗಳಲ್ಲಿ ಬರುವ ಅಮ್ಮನಿಗೆ ಊಟ ಹೊಂದುತ್ತದಾ ಅಂತ ಕೇಳಿದ್ದೀಯ. ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀಯ: "ಅಮ್ಮ ಜೀವಮಾನವಿಡೀ ಒಲೆ ಮುಂದೆ ಬೆಂದಿದ್ದು ಸಾಕು ಅಕ್ಕ, ಅಲ್ಲಿ ಅಡುಗೆಮನೆ ಕಡೆ ತಲೆ ಹಾಕೋಕೂ ಬಿಡಲ್ಲ, ವಾರ ವಾರ ಹೋಟೆಲಿಗೆ ಕರ್ಕೊಂಡು ಹೋಗ್ತೀನಿ." ಆ ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ. ಅಕ್ಕ ಅಂದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ಮೊದಲು ಸಾಮಾನಿನ ವಿಚಾರ. ಮಿಕ್ಸಿ ತರಬೇಡ. ನಮ್ಮಲ್ಲಿ ಕರೆಂಟು 230 ವೋಲ್ಟ್, ಇಲ್ಲಿ 120. ಊರಿನ ಮಿಕ್ಸಿ ಇಲ್ಲಿ ಸರಿಯಾಗಿ ತಿರುಗುವುದಿಲ್ಲ. ಇಲ್ಲಿನ ಕರೆಂಟಿಗೆ ಅಂತಲೇ ಮಾಡಿದ ನಮ್ಮ ದೇಶದ ಮಿಕ್ಸಿ, ಗ್ರೈಂಡರ್ ಎರಡೂ ಓಕ್ ಟ್ರೀ ರೋಡಿನ ಅಂಗಡಿಗಳಲ್ಲಿ ಸಿಗುತ್ತವೆ. ಕುಕ್ಕರ್ ತಾ, ಜೊತೆಗೆ ಎರಡು ಗ್ಯಾಸ್ಕೆಟ್ ಇಟ್ಟುಕೋ. ಅಕ್ಕಿ, ಬೇಳೆ, ಹುಣಸೆಹಣ್ಣು, ಬೆಲ್ಲ ಎಲ್ಲಾ ಇಲ್ಲಿದೆ, ತೂಕ ಹೊರಬೇಡ. ಅಮ್ಮ ಹುರಿದು ಮಾಡಿದ ಸಾರಿನ ಪುಡಿ ಮಾತ್ರ ತಾ. ಅದಕ್ಕೆ ಬದಲಿ ಇಲ್ಲ.

ಹಸಿ ಕರಿಬೇವು ಬ್ಯಾಗಿನಲ್ಲಿ ಇಟ್ಟುಕೊಂಡು ಬರಬೇಡ. ಕರಿಬೇವಿನ ಮೇಲೆ ಕೂರುವ ಒಂದು ಪುಟ್ಟ ಕೀಟ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ, ಅದಕ್ಕೆ ಇಲ್ಲಿ ಅದರ ಮೇಲೆ ಕಣ್ಣು. ಹಣ್ಣು, ಬೀಜ, ಮಾಂಸವೂ ಬೇಡ. ತಿನ್ನುವ ಸಾಮಾನು ಏನಿದ್ದರೂ ಇದೆ ಅಂತ ವಿಮಾನ ನಿಲ್ದಾಣದ ಅಧಿಕಾರಿಗಳಿಗೆ ಬಾಯಿಬಿಟ್ಟು ಹೇಳಿಬಿಡು. ಹೇಳಿದರೆ ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. 2006ರ ನವೆಂಬರ್‌ನಲ್ಲಿ ನಾನು ಇಲ್ಲಿನ ನೂವರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬ ಇತ್ತು. ಮೂರು ಸುತ್ತು ಟೇಪ್ ಸುತ್ತಿದ್ದೆವು. ಅಧಿಕಾರಿ ಏನಿದು ಅಂತ ಕೇಳಿದರು. ಮಿಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ನನಗೆ ಹೊಳೆಯಲಿಲ್ಲ. ಮಾವಿನಕಾಯಿ, ತುಂಬಾ ಎಳೆಯದು ಅಂತ ಬೆರಳಲ್ಲಿ ಅಳತೆ ತೋರಿಸಿದೆ. ತಲೆ ಆಡಿಸಿ ಬಿಟ್ಟರು. ಆ ಡಬ್ಬ ಒಂದು ವರ್ಷ ಬಂತು. ಕೊನೆಗೆ ಉಳಿದ ರಸವನ್ನೂ ಮಜ್ಜಿಗೆಗೆ ಹಾಕಿಕೊಂಡು ಕುಡಿದಿದ್ದೇನೆ.

ನಮ್ಮ ಕಡೆಯ ಅಡುಗೆ ಇಲ್ಲಿ ಆಗುತ್ತದೆ, ಆದರೆ ಹುಡುಕಬೇಕು. ಗುಜರಾತಿಗಳ ಅಂಗಡಿಯಲ್ಲಿ "ಪಾತ್ರಾ" ಎಲೆ ಅಂತ ಕೇಳು, ಕೊಡುವುದು ಕೆಸುವಿನ ಎಲೆ. ಪತ್ರೊಡೆ ಮಾಡಬಹುದು. ಕಳಲೆ ಬೇಕು ಅನಿಸಿದರೆ ಚೀನಿಯರ ಅಂಗಡಿಗೆ ಹೋಗು, ಬೇಯಿಸಿದ ಬಿದಿರಿನ ಮೊಳಕೆ ಪ್ಯಾಕೆಟ್ಟಿನಲ್ಲಿ ಇರುತ್ತದೆ. ಊರಿನ ಹಾಗೆ ಮೂರು ದಿನ ನೀರು ಬದಲಿಸುವ ಕೆಲಸ ಇಲ್ಲ, ಆ ವಾಸನೆಯೂ ಇಲ್ಲ. ತಂಬುಳಿಗೆ ಒಂದೆಲಗ ವಿಯೆಟ್ನಾಂನವರ ಅಂಗಡಿಯಲ್ಲಿ ಸಿಗುತ್ತದೆ, ಅವರು ಅದನ್ನು "ರಾವ್ ಮಾ" ಅನ್ನುತ್ತಾರೆ. ಎಳೆ ಹಲಸಿನಕಾಯಿ ಡಬ್ಬದಲ್ಲಿ ಬರುತ್ತದೆ. ಉಪ್ಪುನೀರಿನದ್ದನ್ನೇ ನೋಡಿ ತೆಗೆದುಕೋ, ಸಕ್ಕರೆ ಪಾಕದ್ದು ಬೇರೆ ಇರುತ್ತದೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲ. ಓವನ್ ಹಚ್ಚಬೇಡ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಡು. ಬೆಳಿಗ್ಗೆ ಉಬ್ಬಿರುತ್ತದೆ.

ಒಂದು ಭಾನುವಾರ ನಾನು, ಮನೆಯವರು, ಮಗಳು ಸೇರಿ ಕೊಟ್ಟೆ ಕಡುಬು ಮಾಡಲು ಹೊರಟೆವು. ಹಲಸಿನ ಎಲೆ ಎಲ್ಲಿಂದ ತರುವುದು? ಫ್ರೀಜರಿನ ಬಾಳೆ ಎಲೆ ತಂದು, ಕತ್ತರಿಸಿ, ಮಡಚಿ, ಕಡ್ಡಿ ಚುಚ್ಚಿದೆವು. ಅರ್ಧ ಕೊಟ್ಟೆ ಒಡೆದು ಹಿಟ್ಟು ಕುಕ್ಕರಿನ ತಳ ಸೇರಿತು. ಉಳಿದ ಐದನ್ನು ಮೂವರೂ ಹಂಚಿಕೊಂಡು ತಿಂದೆವು. ಮಗಳು ಈಗಲೂ ಆ ದಿನದ ಮಾತಾಡುತ್ತಾಳೆ. ನಿನ್ನ ಮಗನನ್ನೂ ಹೀಗೆ ಕೈ ಹಾಕಲು ಬಿಡು, ತಾನೇ ತಿನ್ನುತ್ತಾನೆ. ಶಾಲೆಯ ಊಟದ ಬಗ್ಗೆ ಚಿಂತೆ ಬೇಡ, ಎರಡು ತಿಂಗಳಲ್ಲಿ ಹೊಂದಿಕೊಳ್ಳುತ್ತಾನೆ. ಬಾಡಿಗೆ, ಇನ್ಶೂರೆನ್ಸ್ ವಿಚಾರ ನಿನ್ನ ಗಂಡನ ಆಫೀಸಿನವರನ್ನೇ ಕೇಳಿ, ಅವರು ಸರಿಯಾಗಿ ಹೇಳುತ್ತಾರೆ.

ಇನ್ನು ಹೋಟೆಲ್. ಮೊನ್ನೆ ನಾನು ತಿಂದ ಮಸಾಲೆ ದೋಸೆಗೆ 13 ಡಾಲರ್. ಅದರ ಮೇಲೆ 6.625 ಪರ್ಸೆಂಟ್ ತೆರಿಗೆ. ಕೂತು ತಿಂದು ಮಾಣಿ ಬಡಿಸಿದರೆ 18ರಿಂದ 20 ಪರ್ಸೆಂಟ್ ಟಿಪ್ಸ್ ಬೇರೆ. ಅದನ್ನು ಕೊಡದೆ ಏಳಬೇಡ, ಇಲ್ಲಿ ಅವರ ಸಂಬಳ ನಿಂತಿರುವುದೇ ಅದರ ಮೇಲೆ. ಉಳಿದಿದ್ದನ್ನು ಡಬ್ಬಕ್ಕೆ ಹಾಕಿಸಿಕೊಂಡು ಬಾ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನೀರಿಗೆ ಐಸ್ ಬೇಡ ಅಂತ ಮೊದಲೇ ಹೇಳು. ಇಲ್ಲಿ ಡೈನರ್ ಅಂತ ಇರುತ್ತವೆ, ನಮ್ಮ ಬಸ್‌ಸ್ಟ್ಯಾಂಡ್ ಹೋಟೆಲಿನ ಹಾಗೆ ಯಾವ ಹೊತ್ತಿಗೆ ಹೋದರೂ ತಿಂಡಿ. ಮಕ್ಕಳಿಗೆ ಪ್ಯಾನ್‌ಕೇಕ್ ಹಿಡಿಸುತ್ತದೆ. ಬೈ-ಟು ಕಾಫಿ ಮಾತ್ರ ಕೇಳಬೇಡ, ಆ ಪದ್ಧತಿಯೇ ಇಲ್ಲಿಲ್ಲ. ನನಗೆ ಈಗಲೂ ಅದು ಕೊರತೆಯೇ. ಒಂದು ಲೋಟ ಪೂರ್ತಿ ಒಬ್ಬಳೇ ಕುಡಿಯುವಾಗ ಎದುರಿಗೆ ಯಾರೋ ಇರಬೇಕಿತ್ತು ಅನಿಸುತ್ತದೆ.

ಈಗ ಅಮ್ಮನ ವಿಚಾರ.

ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟದ ಮನೆ. ಚಿಕ್ಕವರಿದ್ದಾಗ ಹೊರಗೆ ತಿನ್ನುವುದು ಅಂದರೆ ಅಪ್ಪ ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕುವ ದಿನ. ಬಸ್ಸಿನಲ್ಲಿ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಹೋಗಿ, ದುರ್ಗಿಗುಡಿಯಲ್ಲಿ ಮಸಾಲೆ ದೋಸೆ. ವರ್ಷಕ್ಕೆ ಎರಡು ಸಲ ಇರಬಹುದು. ಹೋಟೆಲಿಗೆ ಕರೆದುಕೊಂಡು ಹೋಗುವುದಕ್ಕಿಂತ ದೊಡ್ಡ ಉಪಚಾರ ಇಲ್ಲ ಅನ್ನುವುದು ನನ್ನ ತಲೆಯಲ್ಲಿ ಹಾಗೆ ಕೂತಿತ್ತು. ನಿನಗೂ ಹಾಗೇ ಅಲ್ವಾ?

ಅಮ್ಮ 2009ರ ನವೆಂಬರ್‌ನಲ್ಲಿ ನನ್ನ ಬಾಣಂತನಕ್ಕೆ ಬಂದಳು. ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಯೊಳಗೆ ಕಬ್ಬಿಣದ ಒಗ್ಗರಣೆ ಸೌಟು ಇಟ್ಟುಕೊಂಡು ಬಂದಿದ್ದಳು. ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ಜನವರಿಯ ಒಂದು ಮಧ್ಯಾಹ್ನ ಅಮ್ಮ ನನ್ನ ಸಾರಿಗೆ ತುಪ್ಪದಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಅದೇ ಸೌಟಿನಲ್ಲಿ ಅಳಿಯನ ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ ಹಾಕಿದಳು. ನಮ್ಮದು ಕರೆಂಟಿನ ಒಲೆ, ಸುರುಳಿ ಕಾಯುವಂಥದ್ದು. ಅಮ್ಮ ಗ್ಯಾಸ್ ಸಣ್ಣ ಮಾಡುವ ಹಾಗೆ ಗುಬ್ಬಿ ತಿರುಗಿಸಿದಳು. ಸುರುಳಿ ಮಾತ್ರ ಕೆಂಪಗೆ ಹಾಗೇ ಇತ್ತು. ಮೆಣಸಿನಕಾಯಿ ಸೀದು ಘಾಟು ಎದ್ದಿತು. ಹೊಗೆಯ ಅಲಾರಂ ಕಿರುಚಿಕೊಂಡಿತು. ಗಾಬರಿಯಾಗಿ, ಹೊಗೆ ಹೋಗಲಿ ಅಂತ, ಅಮ್ಮ ಮನೆಯ ಮುಂಬಾಗಿಲು ತೆಗೆದಳು. ಹೊಗೆ ಕಟ್ಟಡದೊಳಗಿನ ಕಾರಿಡಾರಿಗೆ ಹೋಯಿತು. ಇಡೀ ಕಟ್ಟಡದ ಅಲಾರಂ ಹೊಡೆಯಿತು.

ಮೂರು ಮಹಡಿಯ ಜನ ಕೆಳಗಿಳಿದು ಹಿಮದಲ್ಲಿ ನಿಂತರು. ಫೈರ್ ಇಂಜಿನ್ ಬಂತು. ಅಮ್ಮ ನೂಲಿನ ಸೀರೆಯಲ್ಲಿ, ಮಗುವನ್ನು ಸೆರಗಿನೊಳಗೆ ಒತ್ತಿಕೊಂಡು ನಿಂತಿದ್ದಳು. ಕಾಲಿಗೆ ಹವಾಯಿ ಚಪ್ಪಲಿ. ಪಕ್ಕದ ಮನೆಯ ಹೆಂಗಸು ತನ್ನ ಕೋಟು ತೆಗೆದು ಅವಳ ಹೆಗಲಿಗೆ ಹಾಕಿದರು. ನಾನು ಏನು ಮಾಡಿದೆ ಗೊತ್ತಾ? ಅಷ್ಟು ಜನರ ಎದುರು ಕೂಗಾಡಿದೆ. "ಒಗ್ಗರಣೆ ಇಲ್ದಿದ್ರೆ ನಿಂಗೆ ಅನ್ನ ಇಳಿಯಲ್ವಾ?" ಅಂದೆ. ಅಮ್ಮ ಒಂದು ಮಾತೂ ಆಡಲಿಲ್ಲ. ಮಗುವಿನ ಟೋಪಿ ಸರಿಮಾಡಿದಳು.

ಅಲ್ಲಿಂದ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಚುಂಯ್ ಅನ್ನುವ ಸದ್ದು ಕೇಳಲಿಲ್ಲ. ದಿನಾ ಸಾರು ಕುದಿಯುವ ಹೊತ್ತಿಗೆ ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದಳು: "ಒಗ್ಗರಣೆ ಹಾಕ್ಲಾ?" ನಾನು "ಬೇಡ ಬಿಡಮ್ಮ" ಅನ್ನುತ್ತಿದ್ದೆ. ಅಡಿಕೆಯ ಕೊನೆಕೊಯ್ಲಿನಲ್ಲಿ ಇಪ್ಪತ್ತು ಆಳುಗಳಿಗೆ ಒಬ್ಬಳೇ ಬೇಯಿಸಿ ಬಡಿಸಿದವಳು. ಅವಳು ನನ್ನ ಹತ್ತಿರ ಅಪ್ಪಣೆ ಕೇಳುತ್ತಿದ್ದಳು, ನಾನು ಸುಮ್ನೆ ತಲೆ ಎತ್ತದೆ ಬೇಡ ಅನ್ನುತ್ತಿದ್ದೆ.

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಭಾನುವಾರ ಭಾನುವಾರ ಹೋಟೆಲಿಗೆ ಹೊರಡಿಸಿದೆ. ಬಫೆಯಲ್ಲಿ ಇಪ್ಪತ್ತು ಬಗೆ ಇದ್ದರೂ ಅವಳು ಮೊಸರನ್ನದ ಮುಂದೆ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ಒಳಗಿನಿಂದ ಒಗ್ಗರಣೆಯ ಸದ್ದು ಬಂತು, ಹಿಂದೆಯೇ ಇಂಗು, ಕರಿಬೇವಿನ ವಾಸನೆ. ಅಮ್ಮ ತುತ್ತು ಕೈಯಲ್ಲೇ ಹಿಡಿದು ಆ ಕಡೆ ತಿರುಗಿದಳು. ಆಮೇಲೆ ನನ್ನನ್ನು ಮೆಲ್ಲಗೆ ಕೇಳಿದಳು: "ಇವರು ಹಾಕಬಹುದಾ? ಇವರಿಗೆ ಗಾಡಿ ಬರಲ್ವಾ?"

ಆಗಲೂ ನನಗೆ ತಿಳಿಯಲಿಲ್ಲ. ಹೋಟೆಲಿನವರಿಗೆ ದೊಡ್ಡ ಫ್ಯಾನ್ ಇರುತ್ತೆ ಅಂತ ವಿವರಿಸಿದೆ.

ತಿಳಿದದ್ದು ಎರಡು ವರ್ಷ ಬಿಟ್ಟು ಊರಿಗೆ ಹೋದಾಗ. ಅವಳದೇ ಮನೆ, ಅವಳದೇ ಒಲೆ. ಸಾರು ಇಳಿಸಿ, ಸಾಸಿವೆ ಡಬ್ಬಿ ತೆಗೆದವಳು ನನ್ನ ಕಡೆ ತಿರುಗಿ ನಿಂತಳು. "ಹಾಕ್ಲಾ?" ಅಂದಳು. ನಾನು ಹಿತ್ತಿಲಿಗೆ ಹೋಗಿ ಬಾವಿಕಟ್ಟೆ ಮೇಲೆ ಕೂತು ಅತ್ತೆ. ಕ್ಷಮಿಸು ಅಂತ ಅವತ್ತೂ ಹೇಳಲಿಲ್ಲ. ಅಮ್ಮ ಮತ್ತೆ ಇಲ್ಲಿಗೆ ಬರಲಿಲ್ಲ. ಮೊಣಕಾಲು ನೋವು ಅಂದಳು. ಈಗ ಅಷ್ಟು ದೂರ ಕೂತು ಬರುವ ವಯಸ್ಸೂ ಅಲ್ಲ.

ಅದಕ್ಕೆ ಹೇಳುತ್ತೇನೆ ತಂಗಿ, ಅಮ್ಮ ಬಂದ ಮೊದಲ ದಿನವೇ ಒಲೆ ತೋರಿಸು. ಕರೆಂಟಿನ ಒಲೆಯಾದರೆ ಆರಿಸಿದ ಮೇಲೂ ಕಾದಿರುತ್ತದೆ, ಸೌಟನ್ನು ಎತ್ತಿ ಪಕ್ಕಕ್ಕೆ ಇಡಬೇಕು ಅಂತ ಹೇಳು. ಒಲೆ ಮೇಲಿನ ಫ್ಯಾನ್ ನಂಬಬೇಡ, ಎಷ್ಟೋ ಅಪಾರ್ಟ್‌ಮೆಂಟಿನಲ್ಲಿ ಅದು ಹೊಗೆಯನ್ನು ಹೊರಗೆ ಕಳಿಸದೆ ಮನೆಯೊಳಗೇ ಬಿಡುತ್ತದೆ. ಎಣ್ಣೆ ಇಡುವ ಮೊದಲೇ ಕಿಟಕಿ ತೆಗೆ. ಸಾಸಿವೆ ಸಿಡಿಯುವಾಗ ತಟ್ಟೆ ಮುಚ್ಚು, ಮೆಣಸಿನಕಾಯಿ ಕೊನೆಗೆ ಹಾಕಿ ತಕ್ಷಣ ಸಾರಿಗೆ ಸುರಿ. ಅಲಾರಂ ಹೊಡೆದರೆ ಕಿಟಕಿ ತೆಗೆಯಬೇಕು, ಮುಂಬಾಗಿಲು ತೆಗೆಯಬಾರದು. ಅಲಾರಮ್ಮಿನ ಬ್ಯಾಟರಿ ಮಾತ್ರ ಯಾವತ್ತೂ ಕೀಳಬೇಡ. ಹೋಟೆಲಿಗೂ ಹೋಗಿ, ಅಮ್ಮನಿಗೂ ಖುಷಿಯಾಗುತ್ತದೆ. ಆದರೆ ಎಲ್ಲಿಗೆ, ಯಾವಾಗ ಅಂತ ಅವರನ್ನೇ ಕೇಳು.

ಒಗ್ಗರಣೆ ಸೌಟು ಊರಿಂದಲೇ ತಾ. ಅಮ್ಮನದು ಇಲ್ಲೇ ಉಳಿದಿದೆ, ಅದರಲ್ಲೇ ದಿನಾ ಹಾಕುತ್ತೇನೆ. ಮೇ ತಿಂಗಳಲ್ಲಿ ಬರುತ್ತಾರೆ ಅಂದೆಯಲ್ಲ, ಒಳ್ಳೆಯದಾಯಿತು. ಅಷ್ಟು ಹೊತ್ತಿಗೆ ಚಳಿ ಹೋಗಿರುತ್ತದೆ, ಕಿಟಕಿ ತೆಗೆದೇ ಇಡಬಹುದು.